ಜಾಲಿಗಿಡದಲ್ಲಿ ಸಂಜೆಯ ಎಣಿಕೆ

ಕೇಳುಗರಿಗೆ ನಮಸ್ಕಾರ.

ರಾಯಚೂರು, ಕೊಪ್ಪಳದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಕಾಯಲು ಕವಣೆ ಹಿಡಿದು ನಿಂತವರಿಗೆ ಗುಲಾಬಿ ಕಬ್ಬಕ್ಕಿಯನ್ನು ಪರಿಚಯಿಸಬೇಕಾಗಿಲ್ಲ. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಮಾಸಲು ಗುಲಾಬಿ ಮೈ. ಹಿಂಡು ಇಳಿದ ಸಾಲಿನಲ್ಲಿ ತೆನೆ ಉಳಿಯುವುದು ಕಷ್ಟ. ರೈತರ ಸಿಟ್ಟು ಸುಳ್ಳಲ್ಲ. ಆದರೆ ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡುವಾಗ ಇದರ ಮುಖ್ಯ ಆಹಾರ ಮಿಡತೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಹತೋಟಿಗೆಂದೇ ಇದಕ್ಕೆ ಗೂಡು ಕಟ್ಟಿಕೊಡುತ್ತಾರೆ.

ಮಾರ್ಚ್, ಏಪ್ರಿಲ್ ಹೊತ್ತಿಗೆ ಇವು ಬಂದ ದಾರಿ ಹಿಡಿಯುತ್ತವೆ. ಇಲ್ಲಿರುವಷ್ಟು ದಿನ ಹಗಲೆಲ್ಲ ಚದುರಿ ಮೇಯ್ದು, ಸಂಜೆ ಒಂದೇ ಕಡೆ ತಂಗುತ್ತವೆ: ಕೆರೆಯಂಚಿನ ಆಪಿನ ಮೆಳೆ, ಇಲ್ಲವೇ ಬಳ್ಳಾರಿ ಜಾಲಿ. ಜಾಲಿಗೆ ಬೈಯದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ! ಹಕ್ಕಿಗೆ ಮಾತ್ರ ಆ ಮುಳ್ಳೇ ರಾತ್ರಿಯ ಕಾವಲು. ಎಣಿಸಬೇಕೆಂದರೆ ಅಲ್ಲೇ ಎಣಿಸಬೇಕು.

ಅಮೆರಿಕದ ಪೋರ್ಟ್‌ಲ್ಯಾಂಡ್ ಊರಲ್ಲಿ ಚಾಪ್‌ಮನ್ ಎಂಬ ಪ್ರಾಥಮಿಕ ಶಾಲೆಯಿದೆ. ಸೆಪ್ಟೆಂಬರ್ ಸಂಜೆಗಳಲ್ಲಿ, ದಕ್ಷಿಣಕ್ಕೆ ವಲಸೆ ಹೊರಟ ವಾಕ್ಸ್ ಬಾನಾಡಿಗಳು (ಸ್ವಿಫ್ಟ್ ಜಾತಿಯ ಹಕ್ಕಿ) ಅದರ ಹಳೇ ಹೊಗೆಕೊಳವೆಯೊಳಗೆ ಸಾವಿರಗಟ್ಟಲೆ ಇಳಿಯುತ್ತವೆ. ಈ ಬಾನಾಡಿಗೆ ಕೊಂಬೆಯ ಮೇಲೆ ಕೂರಲು ಬಾರದು. ಉಗುರಿನಿಂದ ಗೋಡೆಗೆ ಜೋತು ಬೀಳಬೇಕು. ಹಕ್ಕಿ ಇರುವಷ್ಟು ದಿನ ಶಾಲೆಯವರು ಬಾಯ್ಲರ್ ಹಚ್ಚದೆ ಚಳಿ ಸಹಿಸಿದ್ದರು. ಅಲ್ಲಿ ಸ್ವಯಂಸೇವಕರು ಎಣಿಸಬೇಕಾದ ಬಾಗಿಲು ಒಂದೇ, ಕೊಳವೆಯ ಬಾಯಿ.

ನಮ್ಮ ಜಾಲಿಗೆ ಬಾಗಿಲೆಲ್ಲಿ? ನಾಲ್ಕೂ ದಿಕ್ಕಿನಿಂದ ಹಿಂಡು ಬರುತ್ತದೆ, ಒಮ್ಮೆ ಕೂತದ್ದು ಮತ್ತೆ ಏಳುತ್ತದೆ. ಹಾಗಾಗಿ ದಿಕ್ಕು ಹಂಚಿಕೊಳ್ಳಿ, ಗಿಡದತ್ತ ಬರುವವನ್ನಷ್ಟೇ ಹಿಡಿಯಿರಿ, ಎದ್ದು ಸುತ್ತು ಹೊಡೆಯುವವನ್ನು ಬಿಡಿ. ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದು ಕಣ್ಣಲ್ಲಿ ಕೂತರೆ, ಅದೇ ಅಳತೆಯಲ್ಲಿ ನೂರು, ಮುಂದೆ ಐನೂರು. ಒಂದೇ ದಿಕ್ಕಿಗೆ ಇಬ್ಬರು ನಿಂತು, ಪರಸ್ಪರ ಕೇಳದೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ಇಬ್ಬರ ಲೆಕ್ಕವೂ ತಾಳೆಯಾಗುವುದು ಅಪರೂಪ. ಆಗದಿದ್ದರೆ ಎರಡನ್ನೂ ಬರೆದಿಡಿ, ಜಗಳ ಬೇಡ.

ಹಕ್ಕಿ ಕಿಕ್ಕಿರಿದ ದಿನ ಎಲ್ಲರೂ ಫೋಟೋ ಹೊಡೆಯುತ್ತಾರೆ. ನನ್ನ ಪ್ರಕಾರ ಬೆಲೆ ಇರುವುದು, ಏಪ್ರಿಲ್‌ನಲ್ಲಿ ಹಕ್ಕಿ ಬಾರದ ಸಂಜೆಯೂ ಅದೇ ಗಿಡದ ಮುಂದೆ ನಿಂತು 'ಸೊನ್ನೆ' ಎಂದು ಬರೆಯುವವರಿಗೆ. ಆ ಸೊನ್ನೆ ಇಲ್ಲದಿದ್ದರೆ ಹಕ್ಕಿ ಹೋಯಿತೋ, ಎಣಿಸುವವರೇ ಹೋಗಲಿಲ್ಲವೋ ತಿಳಿಯುವುದಿಲ್ಲ.

ಲೆಕ್ಕವನ್ನು, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ ಹಾಕಬಹುದು. ನೋಟ್‌ಬುಕ್ಕಾದರೆ ತಾರೀಖು, ಜಾಗ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ತಪ್ಪದೆ ಇರಲಿ. ಹೊತ್ತು ಮುಳುಗಲು ಅರ್ಧ ತಾಸು ಇರುವಾಗಲೇ ಹೋಗಿ. ಟಾರ್ಚ್ ಬಿಡಬೇಡಿ, ಗಿಡದ ಬುಡಕ್ಕಂತೂ ಹೋಗಲೇಬೇಡಿ: ಹಕ್ಕಿ ಬೆದರುತ್ತವೆ, ನಿಮ್ಮ ಅಂಗಿಯೂ ಉಳಿಯುವುದಿಲ್ಲ. ನಮಸ್ಕಾರ.