ಬರ್ತ್‌ಡೇಗೆ ಯಾರನ್ನ, ಯಾವಾಗ, ಹೆಂಗ ಕರೀಬೇಕು?

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಹುಬ್ಬಳ್ಳಿಯ ದುರ್ಗದಬೈಲ್. ಫುಗ್ಗಾ, ಕಾಗದದ ಟೊಪ್ಪಿಗೆ, ಮೇಣದಬತ್ತಿ ಎಲ್ಲಾ ಚೀಲಕ್ಕೆ ಬಿದ್ದಾಯಿತು. ಮಗಳಿಗೆ ಆರು ತುಂಬುತ್ತದೆ. ದುಡ್ಡು ಕೊಟ್ಟರೆ ಸಾಮಾನು ಸಿಗುತ್ತದೆ. ಮಂದಿಯನ್ನು ಕರೆಯುವುದೇ ದೊಡ್ಡ ಕೆಲಸ. ಅದಕ್ಕೇ ಈ ವಿಡಿಯೊದಲ್ಲಿ ಅಲಂಕಾರದ ಸುದ್ದಿ ಕಮ್ಮಿ, ಕರೆಯುವ ಸುದ್ದಿ ಜಾಸ್ತಿ.

ನಮ್ಮ ಕಡೆ ಮಕ್ಕಳ ಹುಟ್ಟುಹಬ್ಬಕ್ಕೆ ಎರಡು ಗುಂಪಿನವರು ಬರುತ್ತಾರೆ. ಒಂದು, ಮಗುವಿನ ಗೆಳೆಯರು. ಇನ್ನೊಂದು, ನಮ್ಮ ಓಣಿಯವರು ಮತ್ತು ಬಳಗ. ಈ ಎರಡೂ ಗುಂಪಿಗೆ ಒಂದೇ ದಿನ ಒಂದೇ ಮೆಸೇಜು ಕಳಿಸಿದರೆ ಯಾರಿಗಾದರೂ ಬೇಜಾರಾಗುವುದು ಖಾತ್ರಿ. ಶಾಲೆಯವರಿಗೆ ಬೇಗ ಹೇಳಬೇಕು, ಫೋನಿನಲ್ಲಿ ಹೇಳಿದರೂ ನಡೆಯುತ್ತದೆ. ಬಳಗಕ್ಕೆ ತಡವಾಗಿ ಹೇಳಿದರೂ ನಡೆಯುತ್ತದೆ, ಆದರೆ ಬಾಯಿಬಿಟ್ಟು ಹೇಳಬೇಕು.

ಶಾಲೆಯವರಿಂದ ಶುರು ಮಾಡೋಣ. ಒಂದು ವಾರದಿಂದ ಹತ್ತು ದಿನ ಮುಂಚೆ ಹೇಳಿದರೆ ಸರಿ. ಈಗಿನ ಮಕ್ಕಳಿಗೆ ಶನಿವಾರ ಡ್ಯಾನ್ಸ್, ಭಾನುವಾರ ಕರಾಟೆ, ನಡುವೆ ಟ್ಯೂಷನ್. ಅಪ್ಪ-ಅವ್ವ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಗಿಫ್ಟ್ ತರಲಿಕ್ಕೂ ಅವರಿಗೆ ನಡುವೆ ಒಂದು ಭಾನುವಾರ ಸಿಗಬೇಕು. ಹಾಗಂತ ತಿಂಗಳ ಮುಂಚೆಯೇ ಹೇಳಿದರೆ ಮರೆತೇ ಹೋಗುತ್ತಾರೆ. ಹಿಂದಿನ ದಿನ ಸಂಜೆ ಚಿಕ್ಕದೊಂದು ನೆನಪಿನ ಮೆಸೇಜು ಸಾಕು. ದಿನಾ ಕಳಿಸಿದರೆ ಸಾಲ ವಸೂಲಿಗೆ ಬಂದಂತೆ ಕಾಣುತ್ತದೆ.

ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಕಾರ್ಡ್ ಹಾಕುವುದಾದರೆ ಇಡೀ ಕ್ಲಾಸನ್ನು ಕರೆದಿದ್ದೀರಿ ಎಂದೇ ಅರ್ಥ. ಎಂಟು ಮಕ್ಕಳನ್ನು ಮಾತ್ರ ಕರೆಯುತ್ತೀರಾ? ಹಾಗಾದರೆ ಎಂಟು ಮನೆಗೂ ಬೇರೆ ಬೇರೆ ಹೇಳಿ. ಮಗುವಿನ ಕೈಯಲ್ಲಿ ಕಾರ್ಡು ಕೊಟ್ಟು ಕ್ಲಾಸಿನಲ್ಲಿ ಹಂಚಿಸುವುದಂತೂ ನನಗೆ ಸೇರುವುದಿಲ್ಲ. ಪಕ್ಕದಲ್ಲೇ ಕುಳಿತ ಮಗುವಿಗೆ ಕಾರ್ಡು ಸಿಗಲಿಲ್ಲ ಅಂದರೆ ಅದು ಮನೆಗೆ ಹೋಗಿ ಏನು ಹೇಳಬೇಕು? ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಚಾಕಲೇಟು ಹಂಚಲಿ, ಮನೆಗೆ ಕರೆಯುವ ಮಾತು ಹಿರಿಯರ ನಡುವೆ ಇರಲಿ.

ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳ ಪಾಡು ಬೇರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಗೆಳೆಯರೆಲ್ಲ ಗದಗ, ಹಾವೇರಿ, ಸವಣೂರು ಅಂತ ಅಜ್ಜಿ ಮನೆ ಸೇರಿರುತ್ತಾರೆ. ನಮ್ಮ ಅಣ್ಣನ ಮಗ ಮೇ ತಿಂಗಳವನು. ವೈನಿ ಹುಟ್ಟಿದ ದಿನ ಮನೆಯಲ್ಲಿ ಆರತಿ ಮಾಡಿ, ಪಾಯಸ ಮಾಡಿ ಮುಗಿಸುತ್ತಾರೆ. ಗೆಳೆಯರನ್ನು ಕರೆಯುವುದು ಶಾಲೆ ಶುರುವಾದ ಮೇಲೆ, ಜೂನ್‌ನಲ್ಲಿ. ಹುಡುಗನಿಗೆ ಖುಷಿಯೋ ಖುಷಿ, ಎರಡು ಸಲ ಹಬ್ಬ ಅಲ್ವಾ.

ಈಗ ಓಣಿಗೆ ಬರೋಣ. ಹೋದ ವರ್ಷ ಬಳಗದಲ್ಲಿ ಒಂದು ಮನೆಯವರು ಚೆಂದದ ಕಾರ್ಡ್ ಮಾಡಿ, ಹಾಡು ಹಾಕಿ, ಎಲ್ಲರ ಫೋನಿಗೂ ಕಳಿಸಿದ್ದರು. ದೊಡ್ಡ ಕಾಕು ಹೋಗಲಿಲ್ಲ. ಯಾಕೆ ಅಂತ ಕೇಳಿದರೆ, "ಫೋನಿನ್ಯಾಗ ಒಂದು ಚಿತ್ರಾ ಬಂದಿತ್ತವಾ. ಆದ್ರ ನನಗ ಬಾ ಅಂತ ಯಾರೂ ಹೇಳಲಿಲ್ಲಲ್ಲ" ಅಂದರು. ಕಾಕು ಹೇಳಿದ್ದರಲ್ಲಿ ತಪ್ಪೇನಿದೆ? ಅವರ ಲೆಕ್ಕದಲ್ಲಿ ಹೊಸ್ತಿಲಿಗೆ ಬಂದು ಕುಂಕುಮ ಹಚ್ಚಿ ಹೇಳಿದರೇ ಕರೆದಂತೆ. ಅಷ್ಟು ಆಗದಿದ್ದರೆ ಫೋನ್ ಮಾಡಿ, ಒಂದು ನಿಮಿಷ ಆರೋಗ್ಯ ವಿಚಾರಿಸಿ ಹೇಳಬೇಕು. ಅದೂ ಹಿರಿಯರಿಂದ ಶುರುವಾಗಬೇಕು. ಕಿರಿಯ ಕಾಕುಗೆ ಮೊದಲು ಹೇಳಿ ಹಿರಿಯ ಕಾಕುಗೆ ಆಮೇಲೆ ಹೇಳಿದರೆ, ಆ ಸುದ್ದಿ ನಿಮಗಿಂತ ಮುಂಚೆ ಅವರ ಮನೆ ಮುಟ್ಟಿರುತ್ತದೆ.

ಓಣಿಯವರಿಗೆ ಎರಡು ದಿನ ಮುಂಚೆ ಹೇಳಿದರೂ ಆಯಿತು. ಇಲ್ಲಿ ನೋಡಿ, ನಾನು ಪಕ್ಕದ ಮನೆಗೆ ಹೊರಟಿದ್ದೇನೆ. ಕೈಯಲ್ಲಿ ಕುಂಕುಮದ ಬಟ್ಟಲು. ಅಕ್ಕಾವರು ಕಟ್ಟೆಯ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದಾರೆ. "ನಾಡಿದ್ದು ಸಂಜೀಕ ಬರ್ರಿ ಅಕ್ಕಾರ, ನಮ್ಮ ಸಣ್ಣಾಕಿದು ಬರ್ತ್‌ಡೇ ಐತಿ." "ಬರ್ತೀವಿ ಬಿಡ. ಮೊದ್ಲ ಒಳಗ ಬಾ, ಚಾ ಕುಡದ ಹೋಗು." ಐದು ಮನೆ ಮುಗಿಸುವಷ್ಟರಲ್ಲಿ ಸಂಜೆಯೇ ಮುಗಿದಿರುತ್ತದೆ. ಅದಕ್ಕೂ ಹೊತ್ತು ಇಟ್ಟುಕೊಳ್ಳಿ.

ಇನ್ನು ಎಷ್ಟು ಮಂದಿ ಬರುತ್ತಾರೆ ಅಂತ ತಿಳಿಯುವುದು ಹೇಗೆ? ನಮ್ಮಲ್ಲಿ ಮುಖಕ್ಕೆ ಮುಖ ಕೊಟ್ಟು "ಬರಲ್ಲ" ಅನ್ನುವವರು ಕಮ್ಮಿ. "ಬರ್ತೀವ್ರಿ" ಅಂದರೆ ಬಹುಶಃ ಬರುತ್ತಾರೆ. "ನೋಡ್ತೀವ್ರಿ" ಅಂದರೆ ಅನುಮಾನ. "ಟ್ರೈ ಮಾಡ್ತೀವ್ರಿ" ಅಂದರೆ ಆ ತಾಟು ಎತ್ತಿಡಿ, ಬರುವುದಿಲ್ಲ. ಹಾಗಂತ "ನೀವು ಎಷ್ಟು ಮಂದಿ ಬರ್ತೀರಿ?" ಅಂತ ನೇರ ಕೇಳಿದಿರೋ, ಊಟಕ್ಕೆ ತಲೆ ಎಣಿಸುತ್ತಾರೆ ಎಂಬ ಮಾತು ಬರುತ್ತದೆ. ನಾನು ಕೇಳುವುದು ಹೀಗೆ: "ಸಣ್ಣಾವನೂ ಬರ್ತಾನಲ್ರಿ? ಅವಗೂ ಒಂದು ಟೊಪ್ಪಿಗಿ ತಂದೀನಿ." ತಮ್ಮ ಬರುತ್ತಾನೋ, ಅಜ್ಜಿ ಬರುತ್ತಾರೋ ಎಲ್ಲಾ ಅವರೇ ಹೇಳಿಬಿಡುತ್ತಾರೆ. ಆದರೂ ರಿಟರ್ನ್ ಗಿಫ್ಟ್ ನಾಲ್ಕೈದು ಜಾಸ್ತಿಯೇ ಇಡಿ. ಅಣ್ಣನಿಗೆ ಪೆನ್ಸಿಲ್ ಬಾಕ್ಸ್ ಕೊಟ್ಟು ತಂಗಿಗೆ ಬರೀ ಟಾಟಾ ಮಾಡಲಿಕ್ಕಾಗುತ್ತದೆಯೇ?

ದಿನ ಹಿಡಿಯುವಾಗ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ ಬೇಡ ಅನ್ನುವ ಮನೆಗಳಿವೆ. ಮಾರ್ಚ್‌ನಲ್ಲಿ ಪರೀಕ್ಷೆ, ಜೊತೆಗೆ ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ಬಣ್ಣದಾಟ. ಆ ದಿನ ಮೈಯೆಲ್ಲ ಬಣ್ಣ ಮಾಡಿಕೊಂಡ ಮಕ್ಕಳಿಗೆ ಹೊಸ ಬಟ್ಟೆ ಯಾರು ಹಾಕುತ್ತಾರೆ? ನಾಗಪಂಚಮಿಗೆ ಹೆಣ್ಣುಮಕ್ಕಳು ಉಂಡಿ ಕಟ್ಟಿಕೊಂಡು ತವರಿಗೆ ಹೋಗಿರುತ್ತಾರೆ, ಓಣಿ ಅರ್ಧ ಖಾಲಿ. ಗಣೇಶ ಕಳಿಸುವ ದಿನ ಮೆರವಣಿಗೆ ದಾಟಿ ಬರುವುದು ಕಷ್ಟ. ಶ್ರಾವಣದಲ್ಲಿ, ಸೋಮವಾರದಲ್ಲಿ ಮೊಟ್ಟೆ ಮುಟ್ಟದವರು ಬಹಳ. ಎಗ್‌ಲೆಸ್ ಕೇಕ್ ತರಿಸಿ, ಕರೆಯುವಾಗಲೇ ಹೇಳಿಬಿಡಿ.

ಇವೆಲ್ಲಕ್ಕಿಂತ ದೊಡ್ಡದು, ನೀರು ಬರುವ ದಿನ. ಹೊರಗಿನವರಿಗೆ ಇದು ನಗೆಯ ಮಾತು ಅನಿಸಬಹುದು. ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ದಿನಾ ನೀರು ಬಾರದ ಓಣಿಗಳಲ್ಲಿ ನಲ್ಲಿ ಬಂದ ಹೊತ್ತಿಗೆ ಯಾರೂ ಮನೆ ಬಿಡುವುದಿಲ್ಲ. ಕೇಕು ಕತ್ತರಿಸುವ ಹೊತ್ತಿಗೇ "ನೀರು ಬಂತು" ಅಂತ ಕೂಗು ಕೇಳಿದರೆ ಸಾಕು, ತಾಟು ಅಲ್ಲೇ ಬಿಟ್ಟು ಅರ್ಧ ಮಂದಿ ಎದ್ದು ಓಡುತ್ತಾರೆ. ಕಳೆದ ಸಲ ಯಾವತ್ತು ಬಂದಿತ್ತು ಅಂತ ವಾಲ್ವ್‌ಮ್ಯಾನ್ ಹತ್ತಿರ ವಿಚಾರಿಸಿಯೇ ನಾನು ತಾರೀಖು ಹಿಡಿದದ್ದು.

ಹೊತ್ತಿನ ವಿಷಯ. ಕಾರ್ಡಿನಲ್ಲಿ "ಸಂಜೆ 5" ಅಂತ ಇದ್ದರೆ ನಮ್ಮವರು ಬರುವುದು 6:30ಕ್ಕೆ. ನಾನು ಈಗ "ಸಂಜೆ 5ರಿಂದ 7:30, ಕೇಕ್ 6ಕ್ಕೆ" ಅಂತ ಬರೆಯುತ್ತೇನೆ. ಕೇಕಿನ ಹೊತ್ತು ಬರೆದರೆ ಮಕ್ಕಳೇ ಅವ್ವನ ಸೆರಗು ಹಿಡಿದು ಎಳೆದುಕೊಂಡು ಬರುತ್ತಾರೆ. ಮುಗಿಯುವ ಹೊತ್ತು ಬರೆದರೆ ಮಗುವನ್ನು ಬಿಟ್ಟು ಹೋದವರು ವಾಪಸ್ ಯಾವಾಗ ಬರಬೇಕು ಅಂತ ಫೋನ್ ಮಾಡುವುದಿಲ್ಲ. ಧಾರವಾಡದಿಂದ ಬರುವವರಿದ್ದರೆ ಇನ್ನೂ ಮುಖ್ಯ. ಸುಮಾರು 20 ಕಿಲೋಮೀಟರ್ ದಾರಿ, ಚಿಗರಿ ಬಸ್ಸಿದ್ದರೂ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗುವವರ ಕಷ್ಟ ಅವರಿಗೇ ಗೊತ್ತು. ಲೊಕೇಶನ್ ಕಳಿಸಿ, ಜೊತೆಗೆ "ಗುಡಿ ಹಿಂದಿನ ಓಣಿ, ಎಡಕ್ಕೆ ಮೂರನೇ ಮನೆ" ಅಂತ ಬರೆಯಿರಿ. ಮ್ಯಾಪು ಬೇರೆ ಓಣಿಗೆ ತಂದು ನಿಲ್ಲಿಸುವುದು ಇದ್ದದ್ದೇ.

ಊಟವೋ ನಾಷ್ಟಾವೋ, ಅದನ್ನೂ ಹೇಳಿ. ನಮ್ಮಲ್ಲಿ ಈ ಸಲ ಗಿರಮಿಟ್, ಮಿರ್ಚಿ ಭಜಿ, ಕೇಕು, ಒಂದೊಂದು ಧಾರವಾಡ ಪೇಡಾ. ಊಟ ಇಲ್ಲ. ಹೇಳದಿದ್ದರೆ ಪಾಪ, ಮನೆಯಲ್ಲಿ ಅನ್ನ ಇಡಬೇಕೋ ಬೇಡವೋ ಅಂತ ಅವರಿಗೆ ತಿಳಿಯುವುದಿಲ್ಲ. ಇನ್ನೊಂದು ಮಾತು, ಯಾವ ಮಗುವಿಗಾದರೂ ಶೇಂಗಾ ಆಗಿಬರುವುದಿಲ್ಲವೇ ಅಂತ ಮುಂಚೆಯೇ ಕೇಳಿಡಿ. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲಿ ಸೇರಿಕೊಂಡಿರುತ್ತದೆ ಅಂತ ಮಾಡಿದವರಿಗೂ ನೆನಪಿರುವುದಿಲ್ಲ.

ಗಿಫ್ಟ್ ಬೇಡ ಅಂತ ಬರೆಯಬೇಕಾ? ಬರೆದರೂ ತರುತ್ತಾರೆ. ಹಿರಿಯರು ಪಾಕೀಟಿನಲ್ಲಿ 101 ರೂಪಾಯಿ ಇಟ್ಟು ಮಗುವಿನ ಕೈಗೇ ಕೊಡುತ್ತಾರೆ, ಬೇಡ ಅನ್ನಬೇಡಿ. ಎಲ್ಲರ ಮುಂದೆ ಬಿಚ್ಚದಿದ್ದರೆ ಸಾಕು.

ಕರೆಸಿಕೊಂಡವರಿಗೂ ಒಂದು ಮಾತಿದೆ. ಬರಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದರೆ ಎರಡು ದಿನ ಮುಂಚೆ ಹೇಳಿಬಿಡಿ: "ಊರಿಗೆ ಹೊಂಟೀವ್ರಿ, ಮಗಳಿಗೆ ಆಶೀರ್ವಾದ ಹೇಳ್ರಿ." ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಗುವಿಗೆ ಕೆಮ್ಮು, ಜ್ವರ ಇದ್ದರಂತೂ ಅವತ್ತು ಬೆಳಿಗ್ಗೆ ಹೇಳಿದರೂ ನಡೆಯುತ್ತದೆ. ಕೇಕಿನ ತುಂಡು ಮರುದಿನ ನಿಮ್ಮ ಮನೆಗೇ ಬರುತ್ತದೆ.

ಸರಿ, ನಾನಿನ್ನು ಹೊರಡಬೇಕು. ದೊಡ್ಡ ಕಾಕು ಮನೆ ಕೇಶ್ವಾಪುರದಲ್ಲಿ. ಅವರು ಊಟ ಮಾಡಿ ಮಲಗುವ ಮುಂಚೆ ಮುಟ್ಟಬೇಕು.