ಬಿಸಿ ಮುಗಿಯಲ್ಲ, ನೀರು ಮುಗಿಯುತ್ತೆ

(ಚಿತ್ರದುರ್ಗದ ಕಾಲೇಜೊಂದರ ಭೂವಿಜ್ಞಾನ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನ ಮೇಷ್ಟ್ರುಗಳಿಗೆ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಮೊಬೈಲ್ ತೆಗೆದಿರುವ ಮಕ್ಕಳಿಗೆ ನಮಸ್ಕಾರ.

ಸ್ವಾಗತ ಭಾಷಣದಲ್ಲಿ ಒಂದು ಮಾತು ಬಂತು. ಬಿಸಿಲು ಸಂಜೆಗೆ ಹೋಗುತ್ತದೆ, ಗಾಳಿ ಹೇಳದೆ ಕೇಳದೆ ನಿಲ್ಲುತ್ತದೆ, ಆದರೆ ಜ್ವಾಲಾಮುಖಿಯ ನಾಡುಗಳಲ್ಲಿ ನೆಲದೊಳಗಿನ ಬಿಸಿಯಿಂದ ಹಗಲೂ ರಾತ್ರಿ ಕರೆಂಟ್ ತೆಗೆಯಬಹುದು, ಅದಕ್ಕೆ ಕೊನೆಯೇ ಇಲ್ಲ ಅಂತ. ಮೊದಲ ಭಾಗ ನಿಜ. ನಮ್ಮ ಗುಡ್ಡಗಳ ಮೇಲಿನ ಫ್ಯಾನುಗಳು ಎಷ್ಟು ಹೊತ್ತು ಸುಮ್ನೆ ನಿಂತಿರುತ್ತವೆ ಅಂತ ದುರ್ಗದವರಿಗೆ ನಾನು ಹೇಳಬೇಕಾಗಿಲ್ಲ. ಕೊನೆಯೇ ಇಲ್ಲ ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ. ಬಿಸಿ ಮುಗಿಯಲ್ಲ, ನೀರು ಮುಗಿಯುತ್ತೆ. ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ನಿಂತು ಜ್ವಾಲಾಮುಖಿಯ ಬಗ್ಗೆ ಮಾತಾಡುವುದಕ್ಕೆ ನಮಗೇನು ಹಕ್ಕಿದೆ ಅಂತ ಯಾರಾದರೂ ಕೇಳಬಹುದು. ಇದೆ. ಮರಡಿಹಳ್ಳಿಯ ದಿಂಬುಕಲ್ಲುಗಳನ್ನು ನೋಡಿದವರು ಕೈ ಎತ್ತಿ. ಇಷ್ಟೇನಾ? ಹೈವೇಯಲ್ಲಿ ಹಿರಿಯೂರಿನ ಕಡೆ ಅಷ್ಟು ಸಲ ಓಡಾಡುತ್ತೀರಿ, ಒಂದು ಸಲವಾದರೂ ಒಳಗೆ ತಿರುಗಿ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ತಣ್ಣೀರಿಗೆ ತಾಗಿ ಉಂಡೆಯುಂಡೆಯಾಗಿ ಗಟ್ಟಿಯಾಗಿದ್ದು ಅದು. ಹತ್ತಿರದಿಂದ ನೋಡಿ. ಪ್ರತಿ ಉಂಡೆಯ ಬೆನ್ನು ಉಬ್ಬಿರುತ್ತದೆ, ಹೊಟ್ಟೆ ಕೆಳಗಿನ ಎರಡು ಉಂಡೆಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಕಲ್ಲೇ ಹೇಳುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೂ ಇದೆ. ಅದರ ಮೇಲೆ ಹೆಸರು ಕೆತ್ತುವ ಪ್ರೇಮಿಗಳ ವಿಷಯ ಈಗ ಬೇಡ.

ಒಂದು ಸಲ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಶೇಂಗಾ ಹೊಲದ ಯಜಮಾನರು ಬಂದು ನಿಂತರು. ನಾನು ಪಾಠ ಮಾಡುವುದನ್ನೆಲ್ಲ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು: "ಸಾ, ಇದು ಬೆಂಕಿ ಕಾರಿದ ಕಲ್ಲು ಅಂತೀರಿ. ಹಂಗಾದ್ರೆ ಕೆಳಗೆ ಇನ್ನೂ ಬೆಂಕಿ ಇರಬೇಕಲ್ವಾ? ನಮ್ಮ ಬೋರಿನ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೆ ಬತ್ತದೆ." ನನ್ನ ಹುಡುಗರು ನಕ್ಕರು. ನಾನು ನಗಲಿಲ್ಲ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ನನಗೆ ಕೇಳಿರಲಿಲ್ಲ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀರು ಬಿಸಿಯಾಗಿಲ್ಲ ಯಜಮಾನ್ರೇ, ಹೊರಗಿನ ಗಾಳಿ ತಣ್ಣಗಾಗಿದೆ. ನಮ್ಮದು ಬಹಳ ಹಳೆಯ, ದಪ್ಪನೆಯ, ತಣ್ಣಗಾದ ನೆಲ. ಸಾವಿರ ಅಡಿ ಇಳಿದರೆ ನಾಲ್ಕೈದು ಡಿಗ್ರಿ ಏರಿದರೆ ಹೆಚ್ಚು. ಐಸ್‌ಲ್ಯಾಂಡಿನ ಜ್ವಾಲಾಮುಖಿ ಪಟ್ಟಿಯಲ್ಲೋ, ಕೀನ್ಯಾದ ಓಲ್ಕಾರಿಯಾದಲ್ಲೋ ಎರಡು ಕಿಲೋಮೀಟರ್ ಕೊರೆದರೆ 300 ಡಿಗ್ರಿಯ ಆಸುಪಾಸು ಸಿಗುತ್ತದೆ. ಅಲ್ಲಿ ಕೆಳಗಿನ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಇನ್ನೂ ತಾಜಾ. ಬಿರುಕುಗಳಲ್ಲಿ ಕೂತ ನೀರು ಕಾದಿರುತ್ತದೆ. ಬೋರ್ ಇಳಿಸಿದರೆ ಉಗಿ ನುಗ್ಗುತ್ತದೆ, ಟರ್ಬೈನ್ ತಿರುಗುತ್ತದೆ. ಇಷ್ಟು ಹೇಳಿ ಅಮೆರಿಕದ ಗೀಸರ್ಸ್ ಕಥೆಯನ್ನೂ ಸೇರಿಸಿದೆ.

ಆ ಕಥೆ ಇದು. ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ ದಿ ಗೀಸರ್ಸ್ ಅನ್ನುವ ಜಾಗ. ಜಗತ್ತಿನ ಅತಿ ದೊಡ್ಡ ಉಗಿ ಪ್ರದೇಶ. 1960ರಲ್ಲಿ 11 ಮೆಗಾವ್ಯಾಟ್‌ನಿಂದ ಶುರುವಾಯಿತು. ಲಾಭ ಕಂಡಿತು ನೋಡಿ, ಒಬ್ಬರ ಹಿಂದೆ ಒಬ್ಬರು ಬಂದರು. ಎಂಬತ್ತರ ದಶಕದ ಕೊನೆಗೆ ಸುಮಾರು 2,000 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳು ಎದ್ದಿದ್ದವು. ಎಲ್ಲರೂ ಹೀರುತ್ತಿದ್ದದ್ದು ಒಂದೇ ಒಡಲಿನಿಂದ. 1987ರ ನಂತರ ಉಗಿಯ ಒತ್ತಡ ಕುಸಿಯತೊಡಗಿತು. ಹೊಸ ಬೋರ್ ಕೊರೆದರು. ಅದು ಪಕ್ಕದ ಬೋರಿನ ಉಗಿಯನ್ನೇ ಕಿತ್ತುಕೊಂಡಿತು. ತಿರುಗಿಸುವಷ್ಟು ಉಗಿಯಿಲ್ಲದೆ ಟರ್ಬೈನುಗಳು ನಿಂತವು.

ಇಷ್ಟು ಕೇಳಿ ಆ ಯಜಮಾನರು ಬೀಡಿ ಆರಿಸಿ ಹೇಳಿದರು: "ಹಂಗಾದ್ರೆ ಅಲ್ಲೂ ನಮ್ದೇ ಹಣೆಬರ ಅನ್ನಿ."

ನಾನು ಹೇಳಬೇಕಾದ ಉಪನ್ಯಾಸವನ್ನು ಅವರು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಮೊದಲು 200 ಅಡಿಗೆ ನೀರು, ಆಮೇಲೆ 600, ಆಮೇಲೆ ಪಕ್ಕದವನು ಪಾಯಿಂಟ್ ಮಾಡಿಸಿ ಇನ್ನೂ ಆಳಕ್ಕೆ ಇಳಿಸಿದ, ನಮ್ಮ ಮೋಟರ್ ಗಾಳಿ ಎಳೆಯಿತು. ಅಡಿಕೆ ತೋಟಕ್ಕೆ ಟ್ಯಾಂಕರ್ ಬಂತು. ಈ ಸಭೆಯಲ್ಲಿ ಫೇಲ್ ಬೋರ್ ಇಲ್ಲದ ಮನೆ ಎಷ್ಟಿದೆ ಹೇಳಿ? ಗೀಸರ್ಸ್‌ನಲ್ಲಿ ಆದದ್ದು ಅದೇ. ವ್ಯತ್ಯಾಸ ಒಂದೇ, ಅವರ ಕಲ್ಲು ಇನ್ನೂ ಸುಡುತ್ತಿತ್ತು. ಉಗಿಯ ಮುಕ್ಕಾಲು ಪಾಲು ಕೂಲಿಂಗ್ ಟವರಿನಿಂದ ಆಕಾಶಕ್ಕೆ ಹೋಗುತ್ತಿತ್ತು, ಕಾಲು ಪಾಲು ಮಾತ್ರ ನೀರಾಗಿ ಒಳಗೆ ಮರಳುತ್ತಿತ್ತು. ಕಲ್ಲು ತಣ್ಣಗಾಗಿರಲಿಲ್ಲ, ಒಣಗಿತ್ತು. ಬಿಸಿ ಮುಗಿದಿರಲಿಲ್ಲ, ನೀರು ಮುಗಿದಿತ್ತು.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟ. ಹತ್ತಿರದ ಊರುಗಳಿಗೆ ಚರಂಡಿ ನೀರಿನ ತಲೆನೋವಿತ್ತು. ಶುದ್ಧ ಮಾಡಿದ ನೀರನ್ನಾದರೂ ಎಲ್ಲಿಗೆ ಬಿಡುವುದು, ನದಿಗೆ ಬೇಕಾದಂತೆ ಬಿಡುವ ಹಾಗಿಲ್ಲ. 1997ರಲ್ಲಿ ಲೇಕ್ ಕೌಂಟಿಯ ನೀರು ಪೈಪಿನಲ್ಲಿ ಗುಡ್ಡ ಹತ್ತಿತು. 2003ರಲ್ಲಿ ಸಾಂಟಾ ರೋಸಾ ಪಟ್ಟಣದ್ದೂ ಸೇರಿತು. 60 ಕಿಲೋಮೀಟರಿಗೂ ಜಾಸ್ತಿ ಉದ್ದದ ಪೈಪು, ದಿನಕ್ಕೆ ಸುಮಾರು 4 ಕೋಟಿ ಲೀಟರ್. ಊರಿನ ಬಚ್ಚಲ ನೀರು ನೆಲಕ್ಕಿಳಿದು, ಉಗಿಯಾಗಿ ಎದ್ದು, ಅದೇ ಊರಿನ ದೀಪ ಉರಿಸುತ್ತದೆ. ಹಳೆಯ ಎತ್ತರಕ್ಕೆ ಉತ್ಪಾದನೆ ಮರಳಲಿಲ್ಲ, ಆದರೆ ಕುಸಿತಕ್ಕೆ ತಡೆ ಬಿತ್ತು. ನಮ್ಮ ಯುಜಿಡಿ, ಅಂದರೆ ಒಳಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ, ನಗರಸಭೆಯವರು ಇಲ್ಲೇ ಕೂತಿದ್ದಾರೆ.

ಹಾಗಾದರೆ ಇಂಗಿಸಿದರೆ ಮುಗಿಯಿತಲ್ಲ ಅಂತ ನೀವು ಅಂದುಕೊಂಡರೆ ಸ್ವಲ್ಪ ತಾಳಿ. ಉಗಿ ತೆಗೆಯುವ ಬೋರಿನ ಪಕ್ಕದಲ್ಲೇ ತಣ್ಣೀರು ಬಿಟ್ಟರೆ ಅದು ಬಿರುಕು ಹಿಡಿದು ನೇರ ಅಲ್ಲಿಗೇ ಬಂದು ಬೋರನ್ನು ತಣ್ಣಗೆ ಮಾಡುತ್ತದೆ. ದೂರ ಬಿಟ್ಟರೆ ಒತ್ತಡ ಉಳಿಸುವುದಕ್ಕೆ ಉಪಯೋಗವಿಲ್ಲ. ಅದಕ್ಕೇ ಮೊದಲು ಗುರುತಿನ ರಾಸಾಯನಿಕ ಬೆರೆಸಿ ಬಿಡುತ್ತಾರೆ. ಯಾವ ಬೋರಿನಲ್ಲಿ, ಎಷ್ಟು ದಿನಕ್ಕೆ, ಎಷ್ಟು ಬಂತು ಅಂತ ಅಳೆದು ಆಮೇಲೆ ಜಾಗ ಗೊತ್ತು ಮಾಡುತ್ತಾರೆ. ಅಷ್ಟಾದ ಮೇಲೂ ನೆಲ ಸುಮ್ಮನಿರುವುದಿಲ್ಲ. ಐಸ್‌ಲ್ಯಾಂಡಿನ ಹೆಲ್ಲಿಶೆಯ್ಡಿ ಸ್ಥಾವರದಲ್ಲಿ 2011ರಲ್ಲಿ ಹೊಸ ಜಾಗದಲ್ಲಿ ನೀರು ಇಂಗಿಸಲು ಶುರು ಮಾಡಿದರು. ಆ ಅಕ್ಟೋಬರ್‌ನಲ್ಲಿ ಸುಮಾರು 4 ತೀವ್ರತೆಯ ಕಂಪನಗಳಾದವು, ಪಕ್ಕದ ಊರಿನ ಜನ ಗಾಬರಿಯಾದರು. ಆದರೂ ಇಂಗಿಸುವುದು ಬೇಡ ಅಂತ ನಾನು ಹೇಳುವುದಿಲ್ಲ. ನಿಧಾನ ಇಂಗಿಸಿ, ಕಂಪನ ಅಳೆಯಿರಿ, ಊರಿನವರಿಗೆ ಮೊದಲೇ ತಿಳಿಸಿ.

ಇಂಗಿಸದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಜಿಲ್ಯಾಂಡಿಗೆ ಹೋಗಬೇಕು. ವೈರಾಕೆಯಲ್ಲಿ 1958ರಲ್ಲಿ ಕರೆಂಟ್ ಶುರುವಾಯಿತು. ದಶಕಗಳ ಕಾಲ ಬಿಸಿನೀರು ತೆಗೆದರು, ಬಳಸಿದ್ದನ್ನು ವೈಕಾಟೊ ನದಿಗೆ ಬಿಟ್ಟರು. ಆ ನೀರಿನಲ್ಲಿ ಆರ್ಸೆನಿಕ್ ಇತ್ತು. ಒಂದು ಕಡೆಯಂತೂ ನೆಲ ಸುಮಾರು 15 ಮೀಟರ್ ಕುಸಿಯಿತು. ನಾಲ್ಕೈದು ಅಂತಸ್ತಿನ ಕಟ್ಟಡದಷ್ಟು, ಯೋಚನೆ ಮಾಡಿ. ಪಕ್ಕದ ಕಣಿವೆಯಲ್ಲಿ ಚಿಮ್ಮುತ್ತಿದ್ದ ಬುಗ್ಗೆಗಳು ಸತ್ತವು. ಅಲ್ಲೇ ಬಿಸಿನೀರು ಬಳಸಿ ಸೀಗಡಿ ಸಾಕುತ್ತಾರೆ, ಅದು ಜಾಣತನ. ಬೇಕಾದರೆ ಆಮೇಲೆ ಕೇಳಿ, ರುಚಿಯ ವಿಷಯ ಬಿಟ್ಟು.

ಅಲ್ಲಿಂದ ಹತ್ತಿರದ ರೊಟೊರುವಾದ ಕಥೆ ಇನ್ನೂ ಚೆನ್ನ. ಅಲ್ಲಿ ಕಂಪನಿಯಲ್ಲ, ಮನೆಮನೆಯವರೇ ಬೋರ್ ಹಾಕಿಸಿಕೊಂಡಿದ್ದರು. ಚಳಿಗೆ ಮನೆ ಬೆಚ್ಚಗಿಡಲು, ಸ್ನಾನಕ್ಕೆ, ಹೋಟೆಲಿನ ಈಜುಕೊಳಕ್ಕೆ. ಯಾರದ್ದೂ ದೊಡ್ಡ ತಪ್ಪಲ್ಲ, ಎಲ್ಲರದ್ದೂ ಸೇರಿ ದೊಡ್ಡದಾಯಿತು. ವಾಕರೆವರೆವದ ಬುಗ್ಗೆಗಳು ಸೊರಗಿದವು. ತಲೆಮಾರುಗಳಿಂದ ಆ ಬಿಸಿನೀರಿನಲ್ಲೇ ಅಡುಗೆ ಮಾಡಿಕೊಂಡು ಬಂದ ಮಾವೊರಿ ಜನರ ಊರು ಅದು. ಪಾಪಕುರಾ ಅನ್ನುವ ಬುಗ್ಗೆ 1979ರಲ್ಲಿ ನಿಂತೇ ಹೋಯಿತು. 1986ರಲ್ಲಿ ಸರ್ಕಾರ ಗಟ್ಟಿ ಮನಸ್ಸು ಮಾಡಿತು. ಪೊಹುಟು ಬುಗ್ಗೆಯ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಬೋರುಗಳನ್ನೆಲ್ಲ ಮುಚ್ಚಿ ಅಂತು. ಉಳಿದವರು ಶುಲ್ಕ ಕಟ್ಟಿ ಅಂತು. ಜನ ಸಿಟ್ಟಾದರು, ಆಗದೆ ಇರುತ್ತಾರಾ? ನಮ್ಮಲ್ಲಿ ಯಾವನಾದರೂ ಶಾಸಕ "ಬೋರ್ ಮುಚ್ಚಿ" ಅಂತ ಹೇಳಿ ಮತ್ತೆ ಗೆದ್ದು ಬರಲಿ, ನೋಡೋಣ. ಆದರೆ ಒತ್ತಡ ಏರಿತು. ಒಂದೊಂದೇ ಬುಗ್ಗೆ ಚೇತರಿಸಿಕೊಂಡಿತು. ಪಾಪಕುರಾ ಮತ್ತೆ ಚಿಮ್ಮಿದ್ದು 2015ರಲ್ಲಿ. ಇಷ್ಟು ವರ್ಷ ಕಾಯುವುದು ಏನು ಅಂತ ಈ ಜಿಲ್ಲೆಗೆ ಗೊತ್ತು. ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ.

ಅಧ್ಯಕ್ಷರು ಗಡಿಯಾರ ನೋಡಿದರು. ಹೊರಗಿನಿಂದ ಮಂಡಕ್ಕಿ ಮಿರ್ಚಿಯ ವಾಸನೆಯೂ ಬರುತ್ತಿದೆ. ಚೀಟಿಯಲ್ಲಿ ಇನ್ನೂ ಐದು ವಿಷಯ ಬರೆದುಕೊಂಡಿದ್ದೇನೆ, ಎರಡು ಮೂರು ಹೇಳುತ್ತೇನೆ.

ಒಂದು, ಹೊಗೆ. ಈ ಉಗಿಯ ಜೊತೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕಲ್ಲಿದ್ದಲಿಗೆ ಹೋಲಿಸಿದರೆ ಸಾಮಾನ್ಯವಾಗಿ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಹೆಲ್ಲಿಶೆಯ್ಡಿಯಲ್ಲೇ ಕಾರ್ಬ್‌ಫಿಕ್ಸ್ ಅನ್ನುವ ಕೆಲಸ 2012ರಲ್ಲಿ ಶುರುವಾಯಿತು. ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಅನ್ನುವ ಕಪ್ಪು ಲಾವಾ ಕಲ್ಲಿನೊಳಗೆ ಇಳಿಸಿದರು. ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಅದರ ಜೊತೆ ಸೇರಿ ಗಟ್ಟಿ ಖನಿಜವಾಯಿತು. ನೂರಾರು ವರ್ಷ ಬೇಕು ಅಂದುಕೊಂಡಿದ್ದರು. ಎರಡು ವರ್ಷದೊಳಗೆ ಶೇಕಡ 95ಕ್ಕೂ ಹೆಚ್ಚು ಕಲ್ಲಾಗಿತ್ತು ಅಂತ 2016ರಲ್ಲಿ ವರದಿ ಬಂತು. ಬೆಳಗಾವಿ, ವಿಜಯಪುರದ ಕಡೆ ಕಪ್ಪು ಕಲ್ಲು ಒಡೆದರೆ ಒಳಗಿನ ತೂತುಗಳಲ್ಲಿ ಬಿಳೀ ಹರಳು ತುಂಬಿರುತ್ತದಲ್ಲ, ಕೆಲವು ಕ್ಯಾಲ್ಸೈಟ್ ಇರುತ್ತವೆ. ಅದೇ ಜಾತಿಯ ಕೆಲಸ, ಐಸ್‌ಲ್ಯಾಂಡಿನಲ್ಲಿ ಅವಸರದಲ್ಲಿ ಮಾಡಿಸಿದ್ದಾರೆ. ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು ಅನ್ನುವುದನ್ನು ಮರೆಯಬೇಡಿ. ನೋಡಿದಿರಾ, ಮತ್ತೆ ನೀರಿಗೇ ಬಂದೆವು.

ಎರಡು, ನೆಲ ಯಾರದು. ಓಲ್ಕಾರಿಯಾದಿಂದ ಕೀನ್ಯಾಕ್ಕೆ ದೊಡ್ಡ ಉಪಕಾರವಾಗಿದೆ, ದೇಶದ ಕರೆಂಟಿನಲ್ಲಿ ಹೆಚ್ಚೂ ಕಡಿಮೆ ಅರ್ಧ ನೆಲದ ಬಿಸಿಯದ್ದು. ಆದರೆ ಅಲ್ಲಿನ ಮಾಸಾಯಿ ದನಗಾಹಿಗಳನ್ನು 2014ರಲ್ಲಿ ಬೇರೆಡೆ ಕೂರಿಸಿದರು. ಹಣ ಕೊಟ್ಟ ವಿಶ್ವಬ್ಯಾಂಕಿನವರೆಗೂ ದೂರು ಹೋಯಿತು. ನ್ಯೂಜಿಲ್ಯಾಂಡಿನ ಮೊಕಾಯಿಯಲ್ಲಿ ಬೇರೆ ದಾರಿ ಹಿಡಿದರು, ಸ್ಥಾವರದ ಒಡೆತನದಲ್ಲಿ ದೊಡ್ಡ ಪಾಲನ್ನು ಮಾವೊರಿ ಜನರ ಟ್ರಸ್ಟೇ ಇಟ್ಟುಕೊಂಡಿದೆ. ಪಕ್ಕದ ಪಾವಗಡದ ಸೋಲಾರ್‌ಗೆ ರೈತರು ಹೊಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಕೂಲಿಯವರಿಗೆ ಏನು ಸಿಕ್ಕಿತು ಅನ್ನುವುದು ಬೇರೆ ಉಪನ್ಯಾಸ.

ಮೂರು, ಅವಸರ. ಐಸ್‌ಲ್ಯಾಂಡಿನಲ್ಲಿ ಸಾಮಾನ್ಯವಾಗಿ ಮೊದಲು ಸಣ್ಣದಾಗಿ ಕಟ್ಟಿ, ಕೆಲವು ವರ್ಷ ಒತ್ತಡ ನೋಡಿ, ಆಮೇಲೆ ಹಿಗ್ಗಿಸಬೇಕು ಅನ್ನುತ್ತಾರೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ಉಗಿಯಿಂದ ಐದು ಬಲ್ಬು ಹೊತ್ತಿಸಿದರು, ಇವತ್ತಿಗೂ ಅಲ್ಲಿ ಕರೆಂಟ್ ಬರುತ್ತಿದೆ. ಅಲ್ಲೂ ಒತ್ತಡ ಇಳಿದಿತ್ತು, ನೀರು ಮರಳಿ ಬಿಟ್ಟ ಮೇಲೆ ಸುಧಾರಿಸಿತು. ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಕೊರೆಯುತ್ತಾ ಹೋಗಿ ಶಿಲಾಪಾಕಕ್ಕೇ ಚುಚ್ಚಿದ್ದು, ಹವಾಯಿಯ ಪುನಾದಲ್ಲಿ 2018ರಲ್ಲಿ ಲಾವಾ ಬಂದು ಸ್ಥಾವರದ ಬೋರ್ ಮುಚ್ಚಿದ್ದು, ಇವೆಲ್ಲ ಚೀಟಿಯಲ್ಲೇ ಉಳಿಯಲಿ.

ನಮ್ಮ ದೇಶದ್ದು ಒಂದೇ ಮಾತು. ಬ್ಯಾರೆನ್ ದ್ವೀಪ ಬಿಟ್ಟರೆ ನಮ್ಮಲ್ಲಿ ಉರಿಯುವ ಜ್ವಾಲಾಮುಖಿ ಇಲ್ಲ, ಅಲ್ಲಿ ಜನವೂ ಇಲ್ಲ. ಆಸೆಯಿರುವುದು ಲಡಾಖಿನ ಪುಗಾ ಕಣಿವೆಯ ಮೇಲೆ. ಅದು ಜ್ವಾಲಾಮುಖಿಯಲ್ಲ, ಆದರೂ ನೆಲ ಕಾದಿದೆ. 2021ರಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅಲ್ಲಿ ಕೊರೆಯುವ ಒಪ್ಪಂದ ಮಾಡಿಕೊಂಡಿತು. ನಾಲ್ಕು ಸಾವಿರ ಮೀಟರಿಗೂ ಎತ್ತರದ ಜಾಗ, ತೆಳ್ಳನೆಯ ತೊರೆ, ಚಾಂಗ್‌ಪಾ ಕುರಿಗಾಹಿಗಳ ಹುಲ್ಲುಗಾವಲು. ನಿಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿ ಕೆಲಸಕ್ಕೆ ಸೇರಿದರೆ, ಎಷ್ಟು ಮೆಗಾವ್ಯಾಟ್ ಬರುತ್ತದೆ ಅನ್ನುವುದಕ್ಕಿಂತ ಮೊದಲು, ಬಳಸಿದ ನೀರನ್ನು ಮರಳಿ ಇಳಿಸುವ ಬೋರ್ ಎಲ್ಲಿದೆ ಅಂತ ಕೇಳಿ. ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಿ.

ಪ್ರಶ್ನೆಗಳಿದ್ದರೆ ಕೇಳಿ. ಆ ಮೂಲೆಯಲ್ಲಿರುವ ಅಮ್ಮ ಆಗಲೇ ಕೈ ಎತ್ತಿದ್ದರು, ಮೈಕ್ ಮೊದಲು ಅವರಿಗೆ ಕೊಡಿ.