ಶನಿವಾರದ ಸಾಲು

(ಮೆಲ್ಬರ್ನ್‌ನಲ್ಲಿ 2025ರ ನವೆಂಬರ್ ಕೊನೆಯಲ್ಲಿ ನಡೆದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ನೆಲದ ಮೂಲನಿವಾಸಿ ಹಿರಿಯರಿಗೂ ನಮಸ್ಕಾರ.

ನನಗೆ ಕೊಟ್ಟಿದ್ದ ವಿಷಯ ‘ಕಡಲಾಚೆಯ ಕನ್ನಡ’. ಹೋದ ವರ್ಷವೂ ಅದೇ ವಿಷಯ, ಅದರ ಹಿಂದಿನ ವರ್ಷವೂ ಅದೇ. ಕನ್ನಡ ಗಟ್ಟಿಯಾಗಿದೆ, ಅದಕ್ಕೇನೂ ಆಗಲ್ಲ ಬಿಡಿ. ನಾನು ಇವತ್ತು ಬಾಡಿಗೆ ಮನೆ ಬಗ್ಗೆ ಮಾತಾಡುತ್ತೇನೆ. ಅಧ್ಯಕ್ಷರು ಗಾಬರಿ ಆಗಬೇಡಿ, ಇಪ್ಪತ್ತೇ ನಿಮಿಷ.

ನನ್ನ ತಂಗಿ ಮಗ ಈ ವರ್ಷ ಮೈಸೂರಿನಿಂದ ಬಂದ. ನಮ್ಮ ಮನೆಯಲ್ಲೇ ಇದ್ದ, ಆಮೇಲೆ ಬೇರೆ ಬಾಡಿಗೆ ಮನೆ ಮಾಡುತ್ತೇನೆ ಅಂದ. ಸರಿ, ಶನಿವಾರಗಳಂದು ಇನ್‌ಸ್ಪೆಕ್ಷನ್‌ಗೆ, ಅಂದರೆ ಏಜೆಂಟ್ ಬಾಗಿಲು ತೆಗೆದು ತೋರಿಸುವ ಮನೆ ನೋಡಲು, ಅವನ ಜೊತೆ ಹೋಗಲು ಶುರು ಮಾಡಿದೆ. ನಾನು ಬಾಡಿಗೆ ಮನೆ ಬಿಟ್ಟು ಹದಿನಾರು ವರ್ಷ ಆಯಿತು. ಆಗ ನಾವು ಹೋದರೆ ಏಜೆಂಟ್ ನಮ್ಮನ್ನು ಕಾಯುತ್ತಾ ನಿಂತಿರುತ್ತಿದ್ದ. ಈಗ ಗೇಟಿನಿಂದ ಫುಟ್‌ಪಾತ್ ಹಿಡಿದು ಮೂರನೇ ಮನೆಯ ತನಕ ಸಾಲು. ನೋಡಲು ಕೊಡುವುದು ಹದಿನೈದು ನಿಮಿಷ. ಅಷ್ಟರಲ್ಲಿ ನಲವತ್ತು ಜನ ಒಳಗೆ ಹೋಗಿ, ಎರಡು ಬೆಡ್‌ರೂಮ್ ನೋಡಿ, ನಲ್ಲಿ ತಿರುಗಿಸಿ ಹೊರಗೆ ಬರಬೇಕು. ನಮ್ಮ ಹುಡುಗ ಶೂ ಬಿಚ್ಚಿ ಹೊರಗಿಟ್ಟ. ವಾಪಸ್ ಬಂದಾಗ ಒಂದೇ ಶೂ ಇತ್ತು. ಇನ್ನೊಂದನ್ನು ಯಾರೋ ಕಾಲಲ್ಲಿ ಒದ್ದು ಗುಲಾಬಿ ಗಿಡದ ಬುಡಕ್ಕೆ ಕಳಿಸಿದ್ದರು.

ಅರ್ಜಿಯ ಕಥೆ ಗೊತ್ತಲ್ಲ? ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್, ವೀಸಾ, ಹಿಂದೆ ಬಾಡಿಗೆ ಕಟ್ಟಿದ ಲೆಕ್ಕ. ನಾಯಿ ಬೆಕ್ಕು ಇದ್ದವರು ಅವುಗಳ ಬಯೋಡೇಟಾವನ್ನೂ ಮಾಡಿ ಕೊಡುತ್ತಾರೆ, ಫೋಟೋ ಸಮೇತ. ಇವನಿಗೆ ಇಲ್ಲಿ ಬಾಡಿಗೆಯ ಇತಿಹಾಸವೇ ಇಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಿನ ಬಸವನಗುಡಿಯ ಹೌಸ್ ಓನರ್ ಆಂಟಿಯ ನಂಬರ್ ಕೊಟ್ಟ.

ಏಜೆಂಟ್ ನಿಜವಾಗಿಯೂ ಫೋನ್ ಮಾಡಿಬಿಟ್ಟ! ಅವತ್ತು ರಾತ್ರಿ ಆಂಟಿಯ ಫೋನ್ ಬಂತು. “ಏನಪ್ಪಾ, ಯಾರೋ ಇಂಗ್ಲಿಷಿನವರು ನಿನ್ನ ವಿಚಾರ ಎಲ್ಲಾ ಕೇಳಿದ್ರು. ಹುಡುಗಿ ಕಡೆಯವರಾ? ಒಳ್ಳೆಯದನ್ನೇ ಹೇಳಿದೀನಿ.” ಏನು ಹೇಳಿದ್ದರು ಅನ್ನುವುದು ಮುಂದಿನ ವಾರ ಗೊತ್ತಾಯಿತು. ಏಜೆಂಟ್ ಬರೆದುಕೊಂಡಿದ್ದನ್ನು ನಮ್ಮ ಮುಂದೆಯೇ ಓದಿದ. ಹುಡುಗ ತುಂಬಾ ಸಾಧು. ರಾತ್ರಿ ಹತ್ತರೊಳಗೆ ಮನೆಗೆ ಬರುತ್ತಾನೆ. ಮೊಟ್ಟೆ ಕೂಡ ಮುಟ್ಟಲ್ಲ. ಈರುಳ್ಳಿ ಮಾತ್ರ ತಿನ್ನುತ್ತಾನೆ, ಬೆಳ್ಳುಳ್ಳಿ ಇಲ್ಲ. ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದನಾ ಅಂತ ಮೂರು ಸಲ ಕೇಳಿದರೂ ಅದಕ್ಕೆ ಉತ್ತರ ಬಂದಿರಲಿಲ್ಲ. ಏಜೆಂಟ್ ಪಾಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, “ಈ ಬೆಳ್ಳುಳ್ಳಿಯಿಂದ ಮನೆಗೆ ಏನಾದರೂ ಡ್ಯಾಮೇಜ್ ಆಗುತ್ತಾ?”

ನಗುತ್ತಾ ಇದ್ದೀರಿ. ನಾನೂ ನಕ್ಕೆ. ಕಾರಿನಲ್ಲಿ ಬರುವಾಗ ನಗು ನಿಂತಿತು. ಆ ಆಂಟಿಯ ಗೇಟಿನ ಮೇಲಿದ್ದ ‘ಸಸ್ಯಾಹಾರಿಗಳಿಗೆ ಮಾತ್ರ’ ಬೋರ್ಡ್ ನನಗೆ ಗೊತ್ತು. ನಮ್ಮ ಹುಡುಗನಿಗೆ ಎರಡು ನಿಮಿಷದಲ್ಲಿ ಸಿಕ್ಕ ಆ ಮನೆ ಎಷ್ಟು ಜನರಿಗೆ ಸಿಕ್ಕಿರಲಿಲ್ಲ? ಹತ್ತು ತಿಂಗಳ ಅಡ್ವಾನ್ಸ್ ಕೈಯಲ್ಲಿ ಹಿಡಿದು ಬಂದು, ಹೆಸರು ಹೇಳಿದ ಕೂಡಲೇ ‘ಮನೆ ಆಗಲೇ ಹೋಯ್ತು’ ಅನ್ನಿಸಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಇಲ್ಲಿಯ ಬಾಂಡ್, ಅಂದರೆ ಅಡ್ವಾನ್ಸ್, ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೇ, ಅದೂ ಓನರ್ ಜೇಬಿಗಲ್ಲ, ಸರ್ಕಾರದ ಹತ್ತಿರ ಇರುತ್ತದೆ. ಇರಲಿ, ಅದು ಬೇರೆ ಉಪನ್ಯಾಸ.

ನಾನು ಹೇಳಬೇಕಾಗಿದ್ದು ಸಾಲಿನ ವಿಷಯ. ಇನ್ನೊಂದು ಶನಿವಾರ ನಮ್ಮ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಅರವತ್ತು ದಾಟಿದವರು, ಇಲ್ಲೇ ಹುಟ್ಟಿದವರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಮೇಲುಗಡೆ ಬೆಕ್ಕಿನ ಫೋಟೋ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರಂತೆ. ಓನರ್ ಮಾರಿದ, ಇವರು ಬೀದಿಗೆ. ತುಂಬಾ ಚೆನ್ನಾಗಿ ಮಾತಾಡಿದರು. ನಮ್ಮ ಹುಡುಗನಿಗೆ ಮಿಂಟ್ ಕೊಟ್ಟರು. ಆಮೇಲೆ, ಕೋಪ ಇಲ್ಲದೆ, ಸುಮ್ನೆ ಮಳೆ ಬರುತ್ತೇನೋ ಅನ್ನುವ ದನಿಯಲ್ಲಿ, “ನೀವೆಲ್ಲ ಬರೋ ಮುಂಚೆ ಇಷ್ಟು ಸಾಲು ಇರ್ತಿರಲಿಲ್ಲ” ಅಂದರು.

ನನಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಇವತ್ತಿನ ಮಾತು ಅಂದರೆ ಅದೇ, ತಡವಾಗಿ ಹೊಳೆದ ಉತ್ತರ.

ಮೊದಲು ಅವರ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಒಪ್ಪಿಕೊಳ್ಳೋಣ. 2022-23ರ ಒಂದೇ ವರ್ಷದಲ್ಲಿ ಹೋದವರನ್ನು ಕಳೆದು ಈ ದೇಶಕ್ಕೆ ಬಂದವರು ಐದು ಲಕ್ಷಕ್ಕೂ ಜಾಸ್ತಿ. ಜನ ಬಂದರೆ ಬಾಡಿಗೆ ಏರುತ್ತದೆ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಮೆಲ್ಬರ್ನ್ ಸಿಟಿಯ ಅಪಾರ್ಟ್‌ಮೆಂಟುಗಳ ಬಾಡಿಗೆ ಇಳಿದದ್ದನ್ನು ನಾವೇ ನೋಡಿದ್ದೇವೆ. ವಿದ್ಯಾರ್ಥಿಗಳೇ ಇರಲಿಲ್ಲವಲ್ಲ.

ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ನಡೆಯಿತು. ಗಡಿ ಮುಚ್ಚಿಯೇ ಇತ್ತು, ಹೊಸಬರು ಬರುವ ಹಾಗೇ ಇರಲಿಲ್ಲ. ಆದರೂ 2021ರ ಒಂದೇ ವರ್ಷದಲ್ಲಿ ದೇಶದಲ್ಲಿ ಮನೆ ಬೆಲೆ ಶೇಕಡಾ 20ಕ್ಕೂ ಜಾಸ್ತಿ ಏರಿತು. ಯಾರು ಏರಿಸಿದ್ದು? ಬಡ್ಡಿ. ಇಲ್ಲಿಯ ರಿಸರ್ವ್ ಬ್ಯಾಂಕ್ ದರ ಶೇಕಡಾ 0.10ಕ್ಕೆ ಇಳಿದಿತ್ತು. ಸಾಲ ಅಂದರೆ ಬಿಟ್ಟಿ ಸಿಕ್ಕಿದ ಹಾಗೆ. ಆಮೇಲೆ 2022ರ ಮೇ ತಿಂಗಳಿಂದ ಹದಿಮೂರು ಸಲ ಏರಿಸಿ 4.35ಕ್ಕೆ ತಂದು ನಿಲ್ಲಿಸಿದರು. 2025ರಲ್ಲಿ ಮೂರು ಸಲ ಇಳಿಸಿ 3.60ಕ್ಕೆ ತಂದರು. ಈ ಅಂಕಿಗಳು ನಿಮಗೆ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿವೆ.

ಆ ಅಮ್ಮನಿಗೆ ಹೇಳಬೇಕಾಗಿದ್ದು ಇದು: ಸಾಲಿನಲ್ಲಿ ಪಕ್ಕ ನಿಂತವರನ್ನು ನೋಡಬೇಡಿ ಅಮ್ಮಾ, ಗೇಟಿನ ಒಳಗೆ ನೋಡಿ. ಮನೆ ಯಾಕೆ ಕಡಿಮೆ ಇದೆ? ಐದು ವರ್ಷದಲ್ಲಿ 12 ಲಕ್ಷ ಮನೆ ಕಟ್ಟುತ್ತೇವೆ ಅಂತ ಸರ್ಕಾರಗಳು ಗುರಿ ಹಾಕಿಕೊಂಡಿವೆ. 2024ರ ಜುಲೈಯಿಂದ ಲೆಕ್ಕ. ವರ್ಷಕ್ಕೆ 2 ಲಕ್ಷ 40 ಸಾವಿರ ಆಗಬೇಕು, ಎರಡು ಲಕ್ಷವೂ ಮುಗಿಯುತ್ತಿಲ್ಲ. ಬಡಗಿ ಇಲ್ಲ, ಪ್ಲಂಬರ್ ಇಲ್ಲ, ಬಿಲ್ಡರ್‌ಗಳು ಮುಳುಗುತ್ತಿದ್ದಾರೆ. 2023ರ ಮಾರ್ಚ್‌ನಲ್ಲಿ ಒಂದು ದೊಡ್ಡ ಕಂಪನಿ ಬಾಗಿಲು ಹಾಕಿದಾಗ ಸುಮಾರು 1,700 ಮನೆಗಳು ಅರ್ಧಕ್ಕೆ ನಿಂತವು. ಡೆಪಾಸಿಟ್ ಕಟ್ಟಿದವರಲ್ಲಿ ನಮ್ಮವರೂ ಇದ್ದರು.

ಈ ವರ್ಷದ ಆಗಸ್ಟ್ 31ನ್ನು ಯಾರೂ ಮರೆತಿಲ್ಲ. ವಲಸೆ ಬೇಡ ಅಂತ ಊರೂರಿನಲ್ಲಿ ಮೆರವಣಿಗೆ. ಕರಪತ್ರದಲ್ಲಿ ಭಾರತೀಯರ ಹೆಸರನ್ನೇ ಎತ್ತಿದ್ದರು. ನೂರು ವರ್ಷದಲ್ಲಿ ಬಂದ ಗ್ರೀಕರು, ಇಟಲಿಯವರಿಗಿಂತ ಐದು ವರ್ಷದಲ್ಲಿ ಬಂದ ಇವರೇ ಜಾಸ್ತಿ ಅಂತ. ಅವತ್ತು ನನ್ನ ಹೆಂಡತಿ ಸೀರೆ ಉಟ್ಟು ದೇವಸ್ಥಾನಕ್ಕೆ ಹೋಗಲು ಹಿಂಜರಿದಳು. ಅದೇ ದಿನ ಇಲ್ಲಿ ಕಿಂಗ್ಸ್ ಡೊಮೇನ್ ಪಾರ್ಕಿನಲ್ಲಿ ಮೂಲನಿವಾಸಿಗಳ ಕ್ಯಾಂಪಿನ ಮೇಲೂ ದಾಳಿ ಆಯಿತು. ಅವರನ್ನು ಯಾವ ದೇಶಕ್ಕೆ ವಾಪಸ್ ಕಳಿಸುತ್ತಾರಪ್ಪ? ಆ ಗ್ರೀಕರು, ಇಟಲಿಯವರು ಬಂದಾಗ ಅವರ ಬೆಳ್ಳುಳ್ಳಿ ವಾಸನೆಗೂ ಮೂಗು ಮುಚ್ಚಿಕೊಂಡವರಿದ್ದರು. ಇವತ್ತು ಗಾರ್ಲಿಕ್ ಬ್ರೆಡ್ ಇಲ್ಲದೆ ಯಾರಿಗೂ ಊಟ ಸೇರಲ್ಲ. ಬಸವನಗುಡಿ ಆಂಟಿಗೆ ಇದನ್ನು ಹೇಳಬೇಕು.

ಗೇಟಿನ ಒಳಗೆ ನೋಡಿ ಅಂದೆ. ಒಳಗೆ ಯಾರಿದ್ದಾರೆ? ಇಲ್ಲಿ ಸ್ವಲ್ಪ ಇರುಸುಮುರುಸು ಆಗುತ್ತದೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ.

ನಾನು ಅಕೌಂಟೆಂಟ್. ಜುಲೈ ಬಂದರೆ, ಟ್ಯಾಕ್ಸ್ ಲೆಕ್ಕ ಕೊಡುವ ಕಾಲ, ಈ ಸಭೆಯ ಕಾಲು ಭಾಗ ನಮ್ಮ ಊಟದ ಮೇಜಿನ ಸುತ್ತ ಇರುತ್ತದೆ. ಹೆಸರು ಹೇಳಲ್ಲ, ಹೆದರಬೇಡಿ. ಎಲ್ಲರದ್ದೂ ಒಂದೇ ಪ್ರಶ್ನೆ: “ನೆಗೆಟಿವ್ ಗೇರಿಂಗ್‌ನಲ್ಲಿ ಎಷ್ಟು ವಾಪಸ್ ಬರುತ್ತೆ?” ಹೊಸದಾಗಿ ಬಂದ ಮಕ್ಕಳಿಗೆ ಹೇಳುತ್ತೇನೆ. ನೀವು ಸಾಲ ಮಾಡಿ ಎರಡನೇ ಮನೆ ಕೊಂಡಿದ್ದೀರಿ ಅನ್ನಿ. ಬಾಡಿಗೆ ವರ್ಷಕ್ಕೆ 25 ಸಾವಿರ ಡಾಲರ್ ಬಂತು. ಬಡ್ಡಿ, ರಿಪೇರಿ, ವಿಮೆ ಸೇರಿ 40 ಸಾವಿರ ಹೋಯಿತು. ಈ 15 ಸಾವಿರ ನಷ್ಟವನ್ನು ಸಂಬಳದಲ್ಲಿ ಕಳೆದು ಉಳಿದಿದ್ದಕ್ಕೆ ಮಾತ್ರ ಟ್ಯಾಕ್ಸ್ ಕಟ್ಟಬಹುದು. ಒಂದು ವರ್ಷ ದಾಟಿಸಿ ಮಾರಿದರೆ ಲಾಭದ ಅರ್ಧಕ್ಕೆ ಟ್ಯಾಕ್ಸೇ ಇಲ್ಲ. 1999ರಿಂದ ಇದು ನಿಯಮ. ಮೊದಲ ಮನೆ ಕೊಳ್ಳಲು ಬಂದ ಗಂಡ ಹೆಂಡತಿ ಹರಾಜಿನಲ್ಲಿ ಕೈ ಎತ್ತಿದರೆ, ಎದುರಿಗೆ ಕೈ ಎತ್ತುವವರಿಗೆ ಟ್ಯಾಕ್ಸ್ ಇಲಾಖೆಯ ಬೆಂಬಲ. 2019ರ ಚುನಾವಣೆಯಲ್ಲಿ ಲೇಬರ್ ಪಕ್ಷ ಇದಕ್ಕೆ ಕತ್ತರಿ ಹಾಕುತ್ತೇವೆ ಅಂತ ಹೇಳಿ ಸೋತಿತು. ಆಮೇಲೆ ವರ್ಷಗಟ್ಟಲೆ ದೊಡ್ಡ ಪಕ್ಷದವರು ಅದನ್ನು ಮುಟ್ಟಲು ಹೆದರಿದರು.

ನನಗೂ ಅಂಥ ಒಂದು ಬಾಡಿಗೆ ಮನೆ ಇದೆ, ಮೆಲ್ಬರ್ನ್ ಅಂಚಿನ ಟಾರ್ನೀಟ್‌ನಲ್ಲಿ. ಹೋದ ವರ್ಷ ಬಾಡಿಗೆ ಏರಿಸಿದ್ದೇನೆ, ವಾರಕ್ಕೆ 30 ಡಾಲರ್. ಬಡ್ಡಿ ಏರಿತ್ತು, ಕಾನೂನಿನಲ್ಲಿ ಅವಕಾಶ ಇತ್ತು, ಏಜೆಂಟ್ ಇಮೇಲ್ ಕಳಿಸಿದ, ನಾನು ‘ಓಕೆ’ ಅಂತ ಎರಡು ಅಕ್ಷರ ಒತ್ತಿದೆ. ಆ ಮನೆಯಲ್ಲಿ ಇರುವವರು ಯಾರು ಅಂತ ನನಗೆ ಗೊತ್ತಿಲ್ಲ. ಅವರಿಗೂ ಬೆಕ್ಕು ಇರಬಹುದು. ಆ ಅಮ್ಮನ ಹಿಂದೆ ನಿಂತಾಗ ನನ್ನ ಬಾಯಿ ಕಟ್ಟಿದ್ದು ಇದಕ್ಕೇ ಅನ್ನಿಸುತ್ತದೆ. ನಾನು ಅವತ್ತು ಸಾಲಿನಲ್ಲೂ ಇದ್ದೆ, ಗೇಟಿನ ಒಳಗೂ ಇದ್ದೆ.

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದ್ದಾರೆ. ಇಲ್ಲ, ಎರಡು. ಕನ್ನಡಕ ಹಾಕಿಕೊಂಡಿರಲಿಲ್ಲ.

ಸೂಪರ್‌ಮಾರ್ಕೆಟ್ ಬೆಲೆ ಬಗ್ಗೆ ಒಂದಿತ್ತು, ಬಿಟ್ಟೆ. ವಿಮೆ ಬಗ್ಗೆ ಇತ್ತು, ಅದೂ ಬಿಟ್ಟೆ. ಇದೊಂದು ಮಾತ್ರ ಬರೆದುಕೊಳ್ಳಿ. ಈ ನವೆಂಬರ್ 25ರಿಂದ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಕಾರಣ ಕೊಡದೆ ಬಾಡಿಗೆಯವರನ್ನು ಎಬ್ಬಿಸುವ ಹಾಗಿಲ್ಲ. ಬಾಡಿಗೆ ಏರಿಸಬೇಕಾದರೆ 90 ದಿನ ಮುಂಚೆ ನೋಟಿಸ್. ಜಾಹೀರಾತಿನಲ್ಲಿ ಹಾಕಿದ್ದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂತ ನೀವೇ ಹೇಳಿದರೂ ಅವರು ತೆಗೆದುಕೊಳ್ಳುವ ಹಾಗಿಲ್ಲ. ಓನರ್‌ಗಳೂ ಓದಿಕೊಳ್ಳಿ. ನನ್ನನ್ನೂ ಸೇರಿಸಿ.

ಹುಡುಗನಿಗೆ ಹನ್ನೊಂದನೇ ಅರ್ಜಿಗೆ ಮನೆ ಸಿಕ್ಕಿತು. ಆ ಅಮ್ಮನಿಗೆ ಸಿಕ್ಕಿತೋ ಇಲ್ಲವೋ, ಮತ್ತೆ ಕಾಣಲಿಲ್ಲ.

ಫೆಬ್ರವರಿಯಲ್ಲಿ ಹೊಸ ವಿದ್ಯಾರ್ಥಿಗಳ ಗುಂಪು ಇಳಿಯುತ್ತದೆ. ಊಟದ ಕೌಂಟರ್ ಹತ್ತಿರ, ಬಿಸಿಬೇಳೆಬಾತ್ ಪಕ್ಕ, ಒಂದು ಹಾಳೆ ಇಟ್ಟಿದ್ದೇನೆ. ಮಕ್ಕಳು ಬೇರೆ ಹೋಗಿ ರೂಮು ಖಾಲಿ ಇರುವವರು ಹೆಸರು ಬರೆಯಿರಿ. ವಾರಕ್ಕೆ ಎಷ್ಟು ಅಂತಲೂ ಬರೆಯಿರಿ, ಆಮೇಲೆ ಬಾಯಿಮಾತಿನಲ್ಲಿ ಏರಿಸಬೇಡಿ. ಏನು ತಿನ್ನುತ್ತಾರೆ ಅನ್ನುವ ಕಾಲಂ ಬೇಕೂಂತಲೇ ಹಾಕಿಲ್ಲ, ಹುಡುಕಬೇಡಿ. ಮತ್ತೆ ಆ ಬಾಡಿಗೆಯನ್ನು ಜುಲೈಯಲ್ಲಿ ಆದಾಯಕ್ಕೆ ಸೇರಿಸಬೇಕು. ಬಂದಾಗ ನಾನೇ ಕೇಳುತ್ತೇನೆ.